ಡೆಲ್ಟಿಕ್ ಎಂಜಿನ್ ಮತ್ತು ಅದರ ಕಿರುಮಾದರಿ

ಕೇಳುಗರಿಗೆ ನಮಸ್ಕಾರ. ರೈಲು ಎಂಜಿನ್ನಿನ ಕಿರುಮಾದರಿ ಎಂದೊಡನೆ ಅನೇಕರ ಕಣ್ಣ ಮುಂದೆ ಬರುವುದು ಹೊಗೆಕೊಳವೆ, ಬಾಯ್ಲರು, ಗಾಲಿಯಿಂದ ಗಾಲಿಗೆ ಹಾಯುವ ಉಕ್ಕಿನ ತೋಳುಗಳು ಇರುವ ಉಗಿ ಎಂಜಿನ್. ಅದರ ಪಕ್ಕದಲ್ಲಿ ಡೀಸೆಲ್ ಎಂಜಿನ್ ಬರೀ ತಗಡಿನ ಪೆಟ್ಟಿಗೆಯಂತೆ ಕಾಣುತ್ತದೆ. ಪೆಟ್ಟಿಗೆ ಮಾಡುವುದರಲ್ಲಿ ಕಷ್ಟವೇನು ಎಂದು ಕೇಳುವವರೂ ಉಂಟು. ಆದರೆ ಕಿರುಮಾದರಿ ಮಾಡುವವರ ಕಣ್ಣಿಗೂ ಕೈಗೂ ಉಗಿ ಎಂಜಿನ್ನಿಗಿಂತ ಡೀಸೆಲ್ ಎಂಜಿನ್ನೇ ಕಠಿಣವಾದ ಪರೀಕ್ಷೆ ಎಂಬುದು ನನ್ನ ಅಭಿಪ್ರಾಯ. ಬ್ರಿಟನ್ನಿನ ಡೆಲ್ಟಿಕ್ ಎಂಬ ಒಂದೇ ಎಂಜಿನ್ನನ್ನು ಮುಂದಿಟ್ಟುಕೊಂಡು ಇದನ್ನು ವಿವರಿಸುತ್ತೇನೆ.

1955ರಲ್ಲಿ ಬ್ರಿಟಿಷ್ ರೈಲ್ವೇಸ್ ತನ್ನ ಆಧುನೀಕರಣ ಯೋಜನೆಯನ್ನು ಪ್ರಕಟಿಸಿ ಉಗಿಯಿಂದ ಡೀಸೆಲ್ ಮತ್ತು ವಿದ್ಯುತ್ತಿನ ಕಡೆಗೆ ಹೊರಳಿತು. ಅದೇ ವರ್ಷ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿ ತಿಳಿನೀಲಿ ಬಣ್ಣದ ಪ್ರಾಯೋಗಿಕ ಎಂಜಿನ್ನೊಂದನ್ನು ಹಳಿಗಿಳಿಸಿತು. ಅದರ ಒಡಲಲ್ಲಿದ್ದುದು ನೌಕಾಪಡೆಯ ವೇಗದ ಗಸ್ತು ದೋಣಿಗಳಿಗಾಗಿ ನೇಪಿಯರ್ ಕಂಪನಿ ರೂಪಿಸಿದ್ದ ಡೀಸೆಲ್ ಯಂತ್ರಗಳ ಒಂದು ಜೋಡಿ. ಒಂದೊಂದು ಯಂತ್ರದಲ್ಲಿ 18 ಸಿಲಿಂಡರುಗಳನ್ನು ತ್ರಿಕೋನವಾಗಿ ಜೋಡಿಸಲಾಗಿತ್ತು. ಪ್ರತಿ ಸಿಲಿಂಡರಿನಲ್ಲಿಯೂ ಎದುರುಬದುರಾಗಿ ಚಲಿಸುವ ಎರಡು ಪಿಸ್ಟನ್ನುಗಳಿದ್ದವು. ತ್ರಿಕೋನದ ಮೂರು ಮೂಲೆಗಳಲ್ಲಿ ಮೂರು ಕ್ರ್ಯಾಂಕ್ ದಂಡಗಳು ತಿರುಗುತ್ತಿದ್ದವು. ಗ್ರೀಕ್ ಲಿಪಿಯ ತ್ರಿಕೋನಾಕಾರದ ಅಕ್ಷರವಾದ ಡೆಲ್ಟಾದಿಂದಲೇ ಆ ಹೆಸರು ಬಂತು. ಅದೇ ಕಂಪನಿಯ ಆ ಕಾಲದ ಮತ್ತೊಂದು ದೊಡ್ಡ ಎಂಜಿನ್ 133 ಟನ್ ತೂಗಿ 2000 ಅಶ್ವಶಕ್ತಿ ಕೊಡುತ್ತಿದ್ದರೆ, 1961 ಮತ್ತು 62ರಲ್ಲಿ ಸೇವೆಗೆ ಬಂದ 22 ಡೆಲ್ಟಿಕ್‌ಗಳು ತಲಾ 99 ಟನ್ ತೂಗಿ 3300 ಅಶ್ವಶಕ್ತಿ ಕೊಟ್ಟವು. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಎಡಿನ್‌ಬರೋಗೆ ಹೋಗುವ ಪೂರ್ವ ಕರಾವಳಿಯ ಮಾರ್ಗದಲ್ಲಿ ಈ 22 ಎಂಜಿನ್ನುಗಳು 55 ಉಗಿ ಎಂಜಿನ್ನುಗಳ ಕೆಲಸವನ್ನು ವಹಿಸಿಕೊಂಡವು. ಇವು ತಯಾರಾದದ್ದು ನ್ಯೂಟನ್-ಲೆ-ವಿಲೋಸ್ ಊರಿನ ವಲ್ಕನ್ ಫೌಂಡ್ರಿಯಲ್ಲಿ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಹೋದ ನಮ್ಮ ಮೊದಲ ಪ್ರಯಾಣಿಕರ ರೈಲನ್ನು ಎಳೆದ ಎಂಜಿನ್ನುಗಳೂ ಇದೇ ಕಾರ್ಖಾನೆಯವು ಎಂಬುದನ್ನು ಇಲ್ಲಿ ಪ್ರೀತಿಯಿಂದ ನೆನೆಯುತ್ತೇನೆ.

ಇನ್ನು ಕಿರುಮಾದರಿಗೆ ಬರೋಣ. ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಯಲ್ಲಿ ನಿಜವಾದ ಒಂದು ಅಡಿಗೆ ಮಾದರಿಯ 4 ಮಿಲಿಮೀಟರ್ ಸಮ. ಅರವತ್ತೊಂಬತ್ತೂವರೆ ಅಡಿ ಉದ್ದದ ಡೆಲ್ಟಿಕ್ ಇದರಲ್ಲಿ 278 ಮಿಲಿಮೀಟರ್ ಆಗುತ್ತದೆ. ಆದರೆ ಹಳಿಯ ಲೆಕ್ಕ ಹೀಗೆ ಸರಿಹೊಂದುವುದಿಲ್ಲ. 4 ಅಡಿ ಎಂಟೂವರೆ ಅಂಗುಲದ ಹಳಿಯ ಅಗಲ 18.83 ಮಿಲಿಮೀಟರ್ ಆಗಬೇಕಿತ್ತು. ಅಂಗಡಿಯಲ್ಲಿ ಸಿಗುವ ಹಳಿ ಇರುವುದು 16.5 ಮಾತ್ರ. ಯುರೋಪಿನಲ್ಲಿ ಈ ಹಳಿಗೆ ಹೊಂದುತ್ತಿದ್ದ ಅಳತೆ ಅಡಿಗೆ ಮೂರೂವರೆ ಮಿಲಿಮೀಟರಿನದು. ಬ್ರಿಟನ್ನಿನ ರೈಲುಗಳ ಮೈಕಟ್ಟು ಯುರೋಪಿನವುಗಳಿಗಿಂತ ಕಿರಿದಾದ್ದರಿಂದ, ಆ ಅಳತೆಯಲ್ಲಿ ಮಾಡಿದ ಎಂಜಿನ್ನಿನೊಳಗೆ ಅಂದಿನ ಮೋಟಾರುಗಳು ಹಿಡಿಸುತ್ತಿರಲಿಲ್ಲ. ಹಾಗಾಗಿ ತಯಾರಕರು ಮೈಯನ್ನು ಹಿಗ್ಗಿಸಿ ಹಳಿಯನ್ನು ಇದ್ದಂತೆಯೇ ಉಳಿಸಿಕೊಂಡರು. ಎದುರಿನಿಂದ ನೋಡಿದರೆ ದಪ್ಪ ಮೈಯ ಎಂಜಿನ್ ಕಾಲುಗಳನ್ನು ಕೂಡಿಸಿಕೊಂಡು ನಿಂತಂತೆ ಕಾಣುತ್ತದೆ. ಇದನ್ನು ಒಪ್ಪದವರು 18.83 ಮಿಲಿಮೀಟರಿನ ಹಳಿಯನ್ನು ತಾವೇ ಕೈಯಾರೆ ಹಾಸಿಕೊಳ್ಳುತ್ತಾರೆ. ಅವರ ಹಟದ ಬಗ್ಗೆ ನನಗೆ ಬಹಳ ಗೌರವವಿದೆ.

ಎಲ್ಲಕ್ಕಿಂತ ದೊಡ್ಡ ಸವಾಲು ಮುಖದ್ದು. ಉಗಿ ಎಂಜಿನ್ನಿನ ಮಾದರಿಯಲ್ಲಿ ಸಣ್ಣ ತಪ್ಪಿದ್ದರೆ ಕೊಳವೆಗಳ ಮತ್ತು ಸರಳುಗಳ ಗೊಂದಲದಲ್ಲಿ ಅದು ಮುಚ್ಚಿಹೋಗುತ್ತದೆ. ಡೆಲ್ಟಿಕ್ಕಿಗೆ ಇರುವುದು ಮುಂದಕ್ಕೆ ಚಾಚಿದ ಮೊಂಡು ಮೂಗು, ಅದರ ಹಿಂದೆ ಮೇಲಕ್ಕಿರುವ ಚಾಲಕನ ಕಿಟಕಿಗಳು, ಹುಬ್ಬಿನಂತೆ ಬಾಗಿದ ಚಾವಣಿಯ ಅಂಚು, ಇಷ್ಟೇ. ಕಿಟಕಿ ಅರ್ಧ ಮಿಲಿಮೀಟರ್ ಎತ್ತರವಾದರೂ ಗಂಟಿಕ್ಕಿದಂತಿರಬೇಕಾದ ಆ ಮುಖ ಬೆರಗುಗೊಂಡಂತೆ ಕಾಣತೊಡಗುತ್ತದೆ, ಮತ್ತು ಆಗ ಎಷ್ಟೇ ಚೆನ್ನಾಗಿ ಬಣ್ಣ ಬಳಿದರೂ ಅದು ಡೆಲ್ಟಿಕ್ ಆಗುವುದಿಲ್ಲ.

ಮುಖ ಸರಿಯಾದ ಮೇಲೆ ವರ್ಷದ ಪ್ರಶ್ನೆ ಏಳುತ್ತದೆ. ಮೊದಲು ಇವುಗಳಿಗೆ ಕಡುಹಸಿರು ಮೈ ಮತ್ತು ಕೆಳಗೊಂದು ತಿಳಿಹಸಿರು ಪಟ್ಟಿ ಇದ್ದವು. ಆಮೇಲೆ ನೀಲಿ ಮೈ ಮತ್ತು ಹಳದಿ ಮುಖ ಬಂದವು. ಡಿ9000 ಎಂಬ ಸಂಖ್ಯೆ ಹೊತ್ತಿದ್ದ ‘ರಾಯಲ್ ಸ್ಕಾಟ್ಸ್ ಗ್ರೇ’ 1970ರ ದಶಕದಲ್ಲಿ 55022 ಆಯಿತು. ಮೂಗಿನ ಮೇಲಿನ ಪೆಟ್ಟಿಗೆಯಲ್ಲಿ ಆ ದಿನದ ಗಾಡಿಯನ್ನು ಸೂಚಿಸುವ ನಾಲ್ಕು ಅಕ್ಷರಗಳ ಸಂಕೇತವಿರುತ್ತಿತ್ತು. 1976ರಲ್ಲಿ ಅದನ್ನು ತೋರಿಸುವುದು ನಿಂತು, ಕೆಲಕಾಲ ನಾಲ್ಕು ಸೊನ್ನೆಗಳಿದ್ದು, ಬಳಿಕ ಕಪ್ಪು ಹಲಗೆಯ ಮೇಲೆ ಎರಡು ಬಿಳಿ ಚುಕ್ಕೆಗಳು ಉಳಿದವು. ಹೀಗಾಗಿ ಹಸಿರು ಮೈಗೆ ಆ ಚುಕ್ಕೆಗಳನ್ನಿಟ್ಟರೆ ಅದು ತಪ್ಪು ಎನ್ನಬೇಕು. ಆದರೆ 1980ರ ಕೊನೆಯಲ್ಲಿ 55002ಕ್ಕೆ ಅದರ ಹಳೆಯ ಹಸಿರನ್ನು ಮರಳಿ ಬಳಿದಿದ್ದರಿಂದ ಆ ಒಂದು ಎಂಜಿನ್ನಿಗೆ ಮಾತ್ರ ಅದೂ ಸರಿಯೇ.

ಒಳಗಿನ ಯಂತ್ರದ ವಿಷಯವೂ ಸ್ವಾರಸ್ಯಕರವಾದುದು. ನಿಜವಾದ ಡೆಲ್ಟಿಕ್‌ನಲ್ಲಿ ಡೀಸೆಲ್ ಯಂತ್ರಗಳು ಜನರೇಟರುಗಳನ್ನು ತಿರುಗಿಸುತ್ತವೆ; ಆರು ಅಚ್ಚುಗಳನ್ನು ತಿರುಗಿಸುವುದು ವಿದ್ಯುತ್ ಮೋಟಾರುಗಳೇ. ಹಾಗೆ ನೋಡಿದರೆ ವಿದ್ಯುತ್ತಿನಿಂದ ಓಡುವ ಮಾದರಿ ಉಗಿ ಎಂಜಿನ್ನಿಗಿಂತ ಡೀಸೆಲ್ ಎಂಜಿನ್ನಿಗೆ ಹೆಚ್ಚು ನಿಷ್ಠವಾಗಿದೆ. ಹಳೆಯ ಮಾದರಿಗಳಲ್ಲಿ ಒಂದೇ ಬೋಗಿಯೊಳಗೆ, ಅಂದರೆ ಎಂಜಿನ್ನಿನ ಅಡಿಯಲ್ಲಿ ಗಾಲಿಗಳನ್ನು ಹಿಡಿದಿಡುವ ಎರಡು ಚೌಕಟ್ಟುಗಳಲ್ಲಿ ಒಂದರೊಳಗೆ ಮಾತ್ರ, ಮೋಟಾರು ಇರುತ್ತಿತ್ತು. ಈಗಿನವುಗಳಲ್ಲಿ ನಡುವೆ ಕುಳಿತ ಮೋಟಾರು ಎರಡೂ ಬೋಗಿಗಳನ್ನು ನಡೆಸುತ್ತದೆ, ಒಂದು ಪುಟ್ಟ ಧ್ವನಿವರ್ಧಕ ಡೆಲ್ಟಿಕ್‌ನ ಗುಂಯ್ಗುಡುವ ದನಿಯನ್ನು ಹೊರಡಿಸುತ್ತದೆ. ವಿಚಿತ್ರವೆಂದರೆ, 25,000 ವೋಲ್ಟಿನ ತಂತಿಯ ಕೆಳಗೆ ಓಡುವ ವಿದ್ಯುತ್ ಎಂಜಿನ್ನುಗಳ ಮಾದರಿಗಳೂ ಸಾಮಾನ್ಯವಾಗಿ ಕೆಳಗಿನ ಹಳಿಯಿಂದಲೇ ವಿದ್ಯುತ್ ಪಡೆಯುತ್ತವೆ. ಮೇಲಿನ ತಂತಿ ಇರುವುದು ನೋಟಕ್ಕಷ್ಟೇ.

ಕೊನೆಯ ಕೆಲಸ ಕೊಳೆಯದು. 1982ರ ಜನವರಿ 2ರಂದು ಡೆಲ್ಟಿಕ್‌ಗಳ ಸೇವೆ ಮುಗಿಯಿತು. ಕೊನೆಯ ವರ್ಷದ ಎಂಜಿನ್ನನ್ನು ಮಾಡುವವರು ಹೊಸ ಬಣ್ಣದ ಮೇಲೆ ಚಾವಣಿಗೆ ಹೊಗೆಯ ಮಸಿಯನ್ನೂ ಬೋಗಿಗಳಿಗೆ ಬ್ರೇಕಿನ ಕಂದು ಧೂಳನ್ನೂ ತೆಳುವಾಗಿ ಹಚ್ಚುತ್ತಾರೆ. ಆಮೇಲೆ ಸಣ್ಣ ಕುಂಚವನ್ನು ಒದ್ದೆ ಮಾಡಿ, ಚಾಲಕನ ಗಾಜಿನ ಮೇಲೆ ಒರಸುಕಡ್ಡಿ ಆಡುವಷ್ಟು ಜಾಗವನ್ನು ಮಾತ್ರ ಬಿಲ್ಲಿನಾಕಾರವಾಗಿ ಶುಚಿಗೊಳಿಸುತ್ತಾರೆ.

ನಮಸ್ಕಾರ.