ಒಬ್ಬರು ಸಾಕು

ಕೇಳುಗರಿಗೆ ನಮಸ್ಕಾರ. ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿ ಕಡೆಯ ತಂದೆ ತಾಯಂದಿರು, ಮೇಷ್ಟ್ರುಗಳು ರೇಡಿಯೋ ಮುಂದೆ ಇದ್ದೀರಿ ಅಂದುಕೊಂಡೇ ಮಾತಾಡುತ್ತೇನೆ.

ನಾನು ಮನಶ್ಶಾಸ್ತ್ರ ಪಾಠ ಮಾಡುವವಳು. ಕೆಲವರು ಎಂಥ ಕಷ್ಟ ಬಂದರೂ ಹಿಡಿದ ದಾರಿ ಬಿಡೋದಿಲ್ಲ, ಅದು ಹುಟ್ಟುಗುಣವಾ ಮೇಡಂ ಅಂತ ಜನ ಕೇಳುತ್ತಾರೆ. ಅದೊಂದೇ ಅಲ್ಲ. ಅಂಥವರ ಬೆನ್ನ ಹಿಂದೆ ‘ಬಾ, ನಾನಿದ್ದೀನಿ’ ಅಂದವರು ಒಬ್ಬರು ಇರುತ್ತಾರೆ. ಒಬ್ಬರು ಸಾಕು.

ನಮ್ಮ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರನ್ನೇ ನೋಡಿ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದವರು. ಕಡುಬಡತನ. ಊರಿನ ಓದು ಮುಗಿದ ಮೇಲೆ ಮುಂದೇನು ಅಂತ ಗೊತ್ತಿಲ್ಲ. ಹೊಸೂರಿನಲ್ಲಿ ಪಾಠ ಹೇಳಿದ್ದ ಮುಖ್ಯೋಪಾಧ್ಯಾಯರು ಆಗ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಇಲ್ಲಿಗೆ ಬಾ ಅಂತ ಅವರೇ ಕರೆದರು. ಹೋಗೋದು ಹೇಗೆ? ಬಸ್ಸಿಗೆ, ರೈಲಿಗೆ ಕಾಸಿಲ್ಲ. 1935ರಲ್ಲಿ ಆ ಹುಡುಗ ನಡೆದೇ ಹೊರಟ. ಸುಮಾರು 85 ಕಿಲೋಮೀಟರ್, ಎರಡು ದಿನದ ನಡಿಗೆ! ಇವತ್ತು ಕಾರಲ್ಲಿ ಹೋಗಿ ಬಂದರೇ ಸುಸ್ತು ಅನ್ನುತ್ತೇವೆ, ಅಲ್ವಾ?

ಕಾಲಿಗೆ ಆ ಬಲ ಎಲ್ಲಿಂದ ಬಂತು? ಆ ಕಡೆ ಬಾಗಿಲು ತೆರೆಯುವ ಮೇಷ್ಟ್ರು ಇದ್ದಾರೆ ಅನ್ನೋದು ಅವನಿಗೆ ಗೊತ್ತಿತ್ತು. ಆಮೇಲೆ ಅದೇ ಹುಡುಗ 1942ರ ಚಳವಳಿಯಲ್ಲಿ ಜೈಲಿಗೂ ಹೋದ. ಅಮೆರಿಕದ ಒಹಾಯೋದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಇಷ್ಟೆಲ್ಲ ಆದರೂ ಖಾದಿ ಬಿಡಲಿಲ್ಲ, ತಾವು ವಾಸವಿದ್ದ ಹಾಸ್ಟೆಲ್ ಕೋಣೆ ಬಿಡಲಿಲ್ಲ. ಅವರ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಆದರೆ ಸಮಯ ಓಡುತ್ತಿದೆ.

ಇದು ಅವರೊಬ್ಬರ ಕಥೆ ಮಾತ್ರ ಅಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯಲ್ಲಿ ಜಗಳ, ಕುಡಿತ ಇವುಗಳ ನಡುವೆ ಬೆಳೆದ ಮಕ್ಕಳಲ್ಲೂ ಮೂರರಲ್ಲೊಂದು ಪಾಲು ಚೆನ್ನಾಗಿ ಬಾಳಿದರು. ಅವರ ಬದುಕಲ್ಲಿ ಅಜ್ಜಿಯೋ, ಅತ್ತೆಯೋ, ಮೇಷ್ಟ್ರೋ, ಕೈಬಿಡದವರು ಒಬ್ಬರಾದರೂ ಇದ್ದರು. ಮತ್ತೆ ಹೇಳುತ್ತೇನೆ, ಒಬ್ಬರು ಸಾಕು.

ನೂರು ರೂಪಾಯಿ ಸಿಕ್ಕಿದ ಖುಷಿಗಿಂತ ನೂರು ರೂಪಾಯಿ ಕಳೆದ ನೋವು ಜಾಸ್ತಿ. ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ಇದನ್ನು ತೋರಿಸಿದರು. ಹಾಗಾಗಿ ಇರೋದೂ ಕಳೆದುಹೋದೀತು ಅಂತ ಬಡವರ ಮನೆ ಮಗುವಿಗೆ ಹೊಸ ದಾರಿ ಹಿಡಿಯೋಕೆ ಭಯ ಆಗೋದು ಸಹಜ. ಬಿದ್ದರೆ ಎತ್ತುವವರಿದ್ದರೆ ಆ ಭಯ ಇಳಿಯುತ್ತದೆ. ಅದಕ್ಕೇ ‘ನಿನ್ನ ಕೈಲಾಗಲ್ಲ, ಸುಮ್ನಿರು’ ಅನ್ನೋದನ್ನು ದಯವಿಟ್ಟು ನಿಲ್ಲಿಸಿ. ‘ಧೈರ್ಯವಾಗಿರು’ ಅಂತ ಬರೀ ಬಾಯಲ್ಲಿ ಹೇಳೋದೂ ಸಾಲದು.

ನಿಮ್ಮ ಬೀದಿಯಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಮನೆಯಲ್ಲಿ ಕೂತ ಹುಡುಗಿ ಇದ್ದಾಳಾ? ಇವತ್ತು ಸಂಜೆ ಅವರ ಮನೆಗೆ ಹೋಗಿ. ಮತ್ತೆ ಪರೀಕ್ಷೆಗೆ ಫೀಸು ಕಟ್ಟೋಕೆ ಕೊನೇ ದಿನ ಯಾವುದು ಅಂತ ವಿಚಾರಿಸಿ. ಶಾಲೆಗೆ ಅವಳ ಜೊತೆ ನೀವೇ ಹೋಗಿ.