ಜಠರಕ್ಕೆ ಹಲ್ಲಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಊಟ ಮಾಡುತ್ತಾ ರೇಡಿಯೋ ಕೇಳುತ್ತಿರುವವರಲ್ಲಿ ಒಂದು ವಿನಂತಿ. ಬಾಯಲ್ಲಿರುವ ತುತ್ತನ್ನು ಈಗಲೇ ನುಂಗಬೇಡಿ, ಇನ್ನಷ್ಟು ಅಗಿಯಿರಿ. ಬಾಯಿಯಿಂದ ಸಣ್ಣ ಕರುಳಿನ ಆರಂಭದವರೆಗೆ ಆಹಾರ ಸಾಗುವ ದಾರಿಯ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದಾರೆ. ಆ ಇಡೀ ದಾರಿಯಲ್ಲಿ ನಿಮ್ಮ ಮಾತು ಕೇಳುವ ಜಾಗ ಬಾಯಿಯೊಂದೇ. ತುತ್ತು ಗಂಟಲಿಗೆ ಇಳಿದ ಮೇಲೆ ಅದು ನಿಮ್ಮ ಕೈ ತಪ್ಪಿತು. ಹಾಗಾಗಿ ನಾನು ಹೇಳುವುದು ಒಂದೇ ಸಂಗತಿ: ಜಠರಕ್ಕೆ ಹಲ್ಲಿಲ್ಲ.

ನನ್ನ ಬಳಿ ಬರುವವರು ಕುಳಿತುಕೊಳ್ಳುವ ಮೊದಲೇ ಮಾತ್ರೆ ಕೇಳುತ್ತಾರೆ. ಊಟಕ್ಕೆ ಎಷ್ಟು ಹೊತ್ತು ಕೊಡುತ್ತೀರಿ ಎಂದರೆ, ಅದಕ್ಕೂ ಹೊಟ್ಟೆನೋವಿಗೂ ಏನು ಸಂಬಂಧ ಎಂಬಂತೆ ನೋಡುತ್ತಾರೆ. ಸಂಬಂಧ ಇದೆ ಸ್ವಾಮಿ, ಕೇಳಿ.

ಬಾಯಲ್ಲಿ ದಿನಕ್ಕೆ ಸುಮಾರು 1ರಿಂದ 1.5 ಲೀಟರ್ ಜೊಲ್ಲು ಸುರಿಯುತ್ತದೆ. ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಅಲ್ಲಿಯೇ ಒಡೆಯಲು ಶುರುಮಾಡುತ್ತದೆ. ನುಂಗುವ ಕ್ಷಣದಲ್ಲಿ ಮೃದು ಅಂಗುಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ, ಎಪಿಗ್ಲಾಟಿಸ್ ಎಂಬ ಮುಚ್ಚಳ ಬಾಗಿ ಶ್ವಾಸನಾಳದ ಬಾಯಿಯನ್ನು ಮರೆಮಾಡುತ್ತದೆ, ಉಸಿರು ಅರೆಕ್ಷಣ ನಿಲ್ಲುತ್ತದೆ. ತುತ್ತು ಬಾಯಲ್ಲಿರುವಾಗಲೇ ಹರಟೆ ಹೊಡೆದರೆ ಈ ಲೆಕ್ಕ ತಪ್ಪುತ್ತದೆ, ನೆತ್ತಿಗೇರುತ್ತದೆ.

ಮುಂದಿನದು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ. ಆಹಾರ ಇಲ್ಲಿ ತಾನಾಗಿ ಜಾರಿ ಬೀಳುವುದಿಲ್ಲ. ಗೋಡೆಯ ಸ್ನಾಯುಗಳು ಹಿಂದಿನಿಂದ ಹಿಂಡುತ್ತಾ ಅದನ್ನು ಕೆಳಗೆ ತಳ್ಳುತ್ತವೆ. ತಲೆಕೆಳಗಾಗಿ ನಿಂತು ನುಂಗಿದರೂ ತುತ್ತು ಜಠರವನ್ನೇ ಸೇರುತ್ತದೆ. ಕೊನೆಯಲ್ಲಿರುವ ಸ್ನಾಯುವಿನ ಉಂಗುರ ಸಡಿಲಗೊಂಡು ಅದನ್ನು ಒಳಗೆ ಬಿಟ್ಟು ಮತ್ತೆ ಬಿಗಿಯುತ್ತದೆ.

ಜಠರದ ಒಳಗೆ ಏನು ನಡೆಯುತ್ತದೆ ಎಂಬುದನ್ನು ಕಂಡ ಕಥೆಯನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. 1822ರ ಜೂನ್ ತಿಂಗಳು, ಅಮೆರಿಕದ ಮ್ಯಾಕಿನಾ ದ್ವೀಪ. ತುಪ್ಪಳ ವ್ಯಾಪಾರದ ಅಂಗಡಿಯಲ್ಲಿ ಆಕಸ್ಮಿಕವಾಗಿ ಬಂದೂಕು ಸಿಡಿದು ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಎಡಪಕ್ಕೆ ಹರಿಯಿತು. ಸೇನಾ ವೈದ್ಯ ವಿಲಿಯಂ ಬೋಮಂಟ್ ಅವನು ಉಳಿಯುವುದಿಲ್ಲ ಎಂದುಕೊಂಡಿದ್ದರು. ಅವನು ಉಳಿದ. ಆದರೆ ಗಾಯ ಪೂರ್ತಿ ಮುಚ್ಚಲಿಲ್ಲ. ಜಠರದ ಅಂಚು ಹೊರಚರ್ಮಕ್ಕೆ ಅಂಟಿಕೊಂಡು, ಒಳಗೆ ಇಣುಕಿ ನೋಡಬಹುದಾದ ರಂಧ್ರವೊಂದು ಉಳಿದುಬಿಟ್ಟಿತು.

1825ರ ಆಗಸ್ಟಿನಲ್ಲಿ ಬೋಮಂಟ್ ಮಾಂಸ, ಬ್ರೆಡ್ಡು, ಎಲೆಕೋಸಿನ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ರಂಧ್ರದೊಳಗೆ ಇಳಿಬಿಟ್ಟರು. ಗಂಟೆಗೊಮ್ಮೆ ಎಳೆದು ನೋಡಿದರು. ಮೊದಲ ಗಂಟೆಯಲ್ಲಿ ಬ್ರೆಡ್ಡು ಮತ್ತು ಕೋಸು ಅರ್ಧ ಕರಗಿದ್ದವು, ಮಾಂಸ ಹಾಗೇ ಇತ್ತು. ಜಠರರಸವನ್ನು ಹೊರತೆಗೆದು ಸೀಸೆಯಲ್ಲಿ ಬೆಚ್ಚಗಿಟ್ಟು, ಅದರೊಳಗೆ ಮಾಂಸ ಹಾಕಿದರು. ಅಲ್ಲಿಯೂ ಕರಗಿತು! ಜೀರ್ಣಕ್ರಿಯೆ ನಿಗೂಢ ಶಕ್ತಿಯೇನಲ್ಲ, ರಾಸಾಯನಿಕ ಕ್ರಿಯೆ ಎಂಬುದು ಕಣ್ಣೆದುರೇ ಸಿಕ್ಕಿತು. ಸೇಂಟ್ ಮಾರ್ಟಿನ್ ಸಿಟ್ಟಾದಾಗ ಜಠರದ ಕೆಲಸ ಕೆಡುವುದನ್ನೂ ಬೋಮಂಟ್ ಗಮನಿಸಿದರು. ಪಾಪ, ಹೊಟ್ಟೆಗೆ ದಾರ ಬಿಡಿಸಿಕೊಂಡವನಿಗೆ ಸಿಟ್ಟು ಬಾರದೇ ಇರುತ್ತದೆಯೇ? ಒಮ್ಮೆ ಅವನು ಬಿಟ್ಟು ಕೆನಡಾಕ್ಕೆ ಹೋಗಿ ಮದುವೆಯಾದ, ಬೋಮಂಟ್ ಪಟ್ಟು ಬಿಡದೆ ಮತ್ತೆ ಕರೆಸಿಕೊಂಡರು. ಈ ಪ್ರಯೋಗಗಳನ್ನೆಲ್ಲ 1833ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ವೈದ್ಯರು 1853ರಲ್ಲಿ ತೀರಿಕೊಂಡರು. ಹೊಟ್ಟೆಯಲ್ಲಿ ರಂಧ್ರವಿದ್ದ ಈ ಮನುಷ್ಯ 1880ರವರೆಗೆ ಬದುಕಿದ!

ಈ ಕಥೆಯನ್ನು ಹೇಳಿದ್ದಕ್ಕೆ ಕಾರಣ ಇದೆ. ಆಹಾರ ಸಣ್ಣದಾಗಿ ತುಂಡಾಗಿದ್ದಷ್ಟೂ ಬೇಗ ಜೀರ್ಣವಾಗುತ್ತದೆ ಎಂದು ಬೋಮಂಟ್ ಆಗಲೇ ಬರೆದಿಟ್ಟರು. ಎರಡು ಶತಮಾನವಾಗುತ್ತಾ ಬಂತು, ನಾವು ಇನ್ನೂ ಗಬಗಬನೆ ನುಂಗುತ್ತಿದ್ದೇವೆ.

ನನಗೆ ಕೊಟ್ಟ ಸಮಯದ ದೊಡ್ಡ ಪಾಲನ್ನು ಸೇಂಟ್ ಮಾರ್ಟಿನ್ನನೇ ತೆಗೆದುಕೊಂಡ. ಉಳಿದದ್ದನ್ನು ಬೇಗ ಹೇಳುತ್ತೇನೆ. ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆ, ಪ್ರೋಟೀನನ್ನು ತುಂಡರಿಸುವ ಪೆಪ್ಸಿನ್ ಇದೆ. ಅವು ಜಠರವನ್ನೇ ತಿಂದುಹಾಕದಂತೆ ಲೋಳೆಯ ಪದರವೊಂದು ಕಾಯುತ್ತದೆ. ಕೆಳಭಾಗದ ಸ್ನಾಯುಗಳು ನಿಮಿಷಕ್ಕೆ ಸುಮಾರು 3 ಬಾರಿ ಸಂಕುಚಿಸಿ ಆಹಾರವನ್ನು ಕಲಸುತ್ತವೆ. ಹೊರಹೋಗುವ ಕಡೆ ಪೈಲೋರಸ್ ಇದೆ, ಅದು ಜರಡಿಯಂತೆ. ಊಟದ ಹೊತ್ತಿನಲ್ಲಿ 1ರಿಂದ 2 ಮಿಲಿಮೀಟರ್‌ಗಿಂತ ದೊಡ್ಡ ಚೂರನ್ನು ಸುಲಭವಾಗಿ ಬಿಡುವುದಿಲ್ಲ, ಹಿಂದಕ್ಕೆ ಅಟ್ಟುತ್ತದೆ. ನೀವು ಅಗಿಯದೆ ಬಿಟ್ಟ ಚೂರು ಅಲ್ಲಿ ಕಾದು ಕೂರಬೇಕು, ಹೊಟ್ಟೆ ಭಾರ ಎಂದು ನೀವು ನರಳಬೇಕು. ಜಠರಕ್ಕೆ ಹಲ್ಲಿಲ್ಲ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಆಚೆಗೆ ಡುಯೋಡಿನಮ್, ಸಣ್ಣ ಕರುಳಿನ ಮೊದಲ ಭಾಗ. ಮೇದೋಜೀರಕ ಗ್ರಂಥಿಯ ರಸ ಆಮ್ಲವನ್ನು ತಣಿಸುತ್ತದೆ, ಪಿತ್ತರಸ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. ಇದರ ಬಗ್ಗೆಯೇ ಇನ್ನೊಂದು ಭಾಷಣ ಮಾಡಬಹುದು, ಕರೆದರೆ ಬರುತ್ತೇನೆ.

ಉಂಡ ಕೂಡಲೇ ಮಲಗಬೇಡಿ. ಆಗ ಜಠರದ ಆಮ್ಲ ಅನ್ನನಾಳಕ್ಕೆ ಸುಲಭವಾಗಿ ಮರಳುತ್ತದೆ, ಎದೆ ಉರಿಯುತ್ತದೆ. ಎರಡು ಮೂರು ಗಂಟೆ ತಡೆಯಿರಿ. ನುಂಗುವಾಗ ಆಹಾರ ಸಿಕ್ಕಿಕೊಂಡಂತಾದರೆ, ಮಲ ಡಾಂಬರಿನ ಬಣ್ಣಕ್ಕೆ ತಿರುಗಿದರೆ, ರಕ್ತ ವಾಂತಿಯಾದರೆ, ಕಾರಣವಿಲ್ಲದೆ ತೂಕ ಇಳಿದರೆ ಮಾತ್ರೆ ಅಂಗಡಿಗೆ ಹೋಗಬೇಡಿ, ತಡಮಾಡದೆ ವೈದ್ಯರ ಬಳಿ ಹೋಗಿ. ಎಂಡೋಸ್ಕೋಪಿ ಎಂದರೆ ಬೆದರುವವರಿಗೆ ಹೇಳುತ್ತೇನೆ: ಅದು ಕ್ಯಾಮೆರಾ ಇರುವ ತೆಳು ಕೊಳವೆಯನ್ನು ಬಾಯಿಯಿಂದ ಇಳಿಸಿ ಒಳಗೆ ನೋಡುವ, ಕೆಲವೇ ನಿಮಿಷಗಳ ಪರೀಕ್ಷೆ. ನಿಮ್ಮ ಜಠರವನ್ನು ನೋಡಲು ನಮಗೆ ಈಗ ಪಕ್ಕೆಯಲ್ಲಿ ರಂಧ್ರ ಬೇಕಾಗಿಲ್ಲ. ನಮಸ್ಕಾರ.