ಮೀನಿನ ಸಂಶೋಧನೆಗೆ ದುಡ್ಡು ಕೊಡುವವರು ಯಾರು? ಆಸ್ಟ್ರೇಲಿಯಾದ ಲಾಬ್‌ಸ್ಟರ್ ಲೆಕ್ಕ

[ದೃಶ್ಯ: ಪಶ್ಚಿಮ ಆಸ್ಟ್ರೇಲಿಯಾ, ಡೊಂಗಾರಾ ಊರಿನ ಹತ್ತಿರದ ಕಡಲು. ಸಣ್ಣ ದೋಣಿ, ಲಂಗರು ಹಾಕಿದ ತೇಲುವ ಚೌಕಟ್ಟುಗಳು.]

ನಮಸ್ಕಾರ. ಪ್ರತಿ ಹುಣ್ಣಿಮೆಯ ಆಸುಪಾಸಿನಲ್ಲಿ ಇಲ್ಲಿ ಒಂದು ಕೆಲಸ ನಡೆಯುತ್ತದೆ. ನೀರಿನಲ್ಲಿ ಕಟ್ಟಿಟ್ಟ ಚೌಕಟ್ಟುಗಳನ್ನು ದೋಣಿಗೆ ಎತ್ತುತ್ತಾರೆ. ಅವುಗಳ ತುಂಬಾ ಕೃತಕ ನಾರಿನ ಗೊಂಚಲು. ಕಡಲ ಕಳೆ ಅಂತ ನಂಬಿ ಲಾಬ್‌ಸ್ಟರ್ ಅನ್ನುವ ದೊಡ್ಡ ಸಿಗಡಿಯಂಥ ಪ್ರಾಣಿಯ ಮರಿಗಳು ಅದರೊಳಗೆ ಬಂದು ಕೂರಬೇಕು, ಅದಕ್ಕೇ ಈ ಏರ್ಪಾಟು. ಗೊಂಚಲನ್ನು ಜೋರಾಗಿ ಕೊಡವಿದರೆ ಮರಿಗಳು ಉದುರುತ್ತವೆ. ಒಂದು ಇಂಚಿನಷ್ಟು ಉದ್ದ, ಮೈಗೆ ಬಣ್ಣವೇ ಇಲ್ಲ, ಗಾಜಿನ ಹಾಗೆ ಆಚೆಗಿನದು ಕಾಣುತ್ತದೆ. ಒಂದೊಂದಾಗಿ ಎಣಿಸಿ ಬರೆದುಕೊಂಡು ಚೌಕಟ್ಟನ್ನು ಮತ್ತೆ ನೀರಿಗೆ ಬಿಡುತ್ತಾರೆ.

ಈ ಎಣಿಕೆ ಶುರುವಾಗಿದ್ದು 1968ರಲ್ಲಿ. ಇವತ್ತಿಗೂ ನಡೀತಿದೆ.

ಐವತ್ತು ವರ್ಷಕ್ಕಿಂತ ಜಾಸ್ತಿ ಕಾಲ ಮರಿ ಎಣಿಸುವುದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? ಅದರಿಂದ ಬೋಟಿನವರಿಗೆ ಸಿಕ್ಕಿದ್ದೇನು? ಇವತ್ತು ಅದನ್ನೇ ನೋಡೋಣ.

ಮೊದಲು ಒಂದು ಮೂಲ ತೊಡಕು. ಅಡಿಕೆ ತೋಟದವರು ತಮ್ಮ ಮಣ್ಣು ಪರೀಕ್ಷೆ ಮಾಡಿಸಿದರೆ ಅದರ ಲಾಭ ಅವರ ತೋಟಕ್ಕೇ. ಕಡಲಿಗೆ ಬೇಲಿ ಇಲ್ಲ. ಒಬ್ಬ ಬೋಟ್ ಮಾಲೀಕ ಕೈಯಿಂದ ಲಕ್ಷಗಟ್ಟಲೆ ಹಾಕಿ ಮೀನಿನ ಬಗ್ಗೆ ಸಂಶೋಧನೆ ಮಾಡಿಸಿದ ಅಂತಿಟ್ಟುಕೊಳ್ಳಿ. ಗೊತ್ತಾದ ವಿಷಯದ ಲಾಭ ಪಕ್ಕದ ಬೋಟಿನವನಿಗೂ ಸಿಗುತ್ತದೆ, ಅವನು ಒಂದು ಪೈಸೆ ಕೊಟ್ಟಿರುವುದಿಲ್ಲ. ಹಾಗಾಗಿ ಯಾರೂ ಒಬ್ಬರೇ ಕೈಹಾಕುವುದಿಲ್ಲ. ತಪ್ಪು ಯಾರದ್ದೂ ಅಲ್ಲ, ಆದರೆ ಕೆಲಸ ಮಾತ್ರ ಆಗುವುದಿಲ್ಲ.

ಆಸ್ಟ್ರೇಲಿಯಾ ಇದಕ್ಕೆ ಒಂದು ದಾರಿ ಮಾಡಿಕೊಂಡಿತು. 1991ರಲ್ಲಿ ಫಿಶರೀಸ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಕಾರ್ಪೊರೇಷನ್, ಅಂದರೆ ಎಫ್‌ಆರ್‌ಡಿಸಿ, ಹುಟ್ಟಿಕೊಂಡಿತು. ಸರ್ಕಾರವೂ ಮೀನುಗಾರಿಕೆ ಉದ್ಯಮವೂ ಸೇರಿ ದುಡ್ಡು ಹಾಕುವ ಸಂಸ್ಥೆ ಇದು.

[ಪರದೆಯ ಮೇಲೆ: ರೂ. 1000ಕ್ಕೆ: 5 + 2.50 + 2.50 = 10]

ಲೆಕ್ಕ ಸುಲಭ. ನಮ್ಮ ರೂಪಾಯಿಯಲ್ಲೇ ಹೇಳುತ್ತೇನೆ. ದೇಶದ ಮೀನು ಉತ್ಪಾದನೆಯ ಒಟ್ಟು ಬೆಲೆಯನ್ನು ಮೂರು ವರ್ಷದ ಸರಾಸರಿಯಲ್ಲಿ ಹಿಡಿಯುತ್ತಾರೆ. ಅದರಲ್ಲಿ ಪ್ರತಿ 1000 ರೂಪಾಯಿಗೆ ಸರ್ಕಾರ 5 ರೂಪಾಯಿ ಕೊಡುತ್ತದೆ, ಯಾವ ಷರತ್ತೂ ಇಲ್ಲದೆ. ಮೀನುಗಾರರು ತಮ್ಮ ಕಡೆಯಿಂದ ವಂತಿಗೆ ಹಾಕಿದರೆ, 1000ಕ್ಕೆ 2 ರೂಪಾಯಿ 50 ಪೈಸೆಯವರೆಗೆ, ಸರ್ಕಾರವೂ ಅಷ್ಟೇ ದುಡ್ಡು ಸೇರಿಸುತ್ತದೆ. ಎಲ್ಲ ಸೇರಿ 10 ರೂಪಾಯಿ, ನೂರಕ್ಕೆ ಒಂದು.

ಮೊದಲ 5 ರೂಪಾಯಿ ಯಾಕೆ? ಕಡಲು ಬೋಟಿನವರ ಸ್ವತ್ತಲ್ಲ, ಎಲ್ಲರದ್ದು. ಅದನ್ನು ಜನರ ಪರವಾಗಿ ನೋಡಿಕೊಳ್ಳುವ ಹೊಣೆ ಸರ್ಕಾರದ್ದು. ಅದಕ್ಕೇ ಈ ದುಡ್ಡು ವ್ಯಾಪಾರದ ಮೀನುಗಾರಿಕೆಗೆ ಮಾತ್ರ ಮೀಸಲಲ್ಲ. ಹವ್ಯಾಸಕ್ಕೆ ಗಾಳ ಹಾಕುವವರಿಗೂ, ಅಲ್ಲಿನ ಮೂಲನಿವಾಸಿ ಮೀನುಗಾರರಿಗೂ ಬೇಕಾದ ಸಂಶೋಧನೆ ಇದರಲ್ಲೇ ಆಗುತ್ತದೆ.

ನನಗೆ ಇದರಲ್ಲಿ ಮುಖ್ಯ ಅನಿಸುವುದು ಆ ಎರಡೂವರೆ ರೂಪಾಯಿ. ದುಡ್ಡು ಕೊಟ್ಟವನು ಸುಮ್ನೆ ಕೂರುವುದಿಲ್ಲ, ಅಲ್ವಾ? ಏನನ್ನು ಸಂಶೋಧನೆ ಮಾಡಬೇಕು ಅಂತ ಕೇಳುತ್ತಾನೆ. ಪ್ರತಿ ರಾಜ್ಯಕ್ಕೂ ಒಂದು ಸಲಹಾ ಸಮಿತಿ ಇದೆ. ಅದರಲ್ಲಿ ವಿಜ್ಞಾನಿಗಳ ಜೊತೆ ಉದ್ಯಮದವರೂ ಕೂರುತ್ತಾರೆ. ಪ್ರಶ್ನೆ ಹುಟ್ಟುವ ಹೊತ್ತಿಗೇ ಮೀನುಗಾರನ ಮಾತಿಗೆ ಅಲ್ಲಿ ಜಾಗ ಇರುತ್ತದೆ.

ಈಗ ಲಾಬ್‌ಸ್ಟರ್ ಕಥೆಗೆ ಬರೋಣ.

[ದೃಶ್ಯ: ಹಿಂದೂ ಮಹಾಸಾಗರದ ನಕ್ಷೆ. ತೀರದಿಂದ ದೂರ ಹೋಗಿ ವಾಪಸು ಬರುವ ಬಾಣ.]

ವೆಸ್ಟರ್ನ್ ರಾಕ್ ಲಾಬ್‌ಸ್ಟರ್ ಅಂದರೆ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯಕ್ಕೆ ದೊಡ್ಡ ದುಡ್ಡು. ಮೊಟ್ಟೆಯೊಡೆದು ಬಂದ ಮರಿ ತೀರದಲ್ಲಿ ಉಳಿಯುವುದಿಲ್ಲ. ನಡುಕಡಲಿಗೆ ತೇಲಿಹೋಗಿ ಒಂಬತ್ತರಿಂದ ಹನ್ನೊಂದು ತಿಂಗಳು ಅಲೆಯುತ್ತದೆ. ಆಮೇಲೆ ರೂಪ ಬದಲಿಸಿಕೊಂಡು, ಏನೂ ತಿನ್ನದೆ, ಈಜಿ ತೀರದ ಬಂಡೆಗಳಿಗೆ ವಾಪಸು ಬರುತ್ತದೆ. ಆಗಲೇ ಅದು ಆ ನಾರಿನ ಗೊಂಚಲಿಗೆ ಸಿಗುವುದು. ಅಲ್ಲಿಂದ ಬೆಳೆದು ಹಿಡಿಯುವ ಅಳತೆಗೆ ಬರಲು ಮೂರೂವರೆ, ನಾಲ್ಕು ವರ್ಷ ಬೇಕು.

ಅಂದರೆ ಈ ವರ್ಷ ಎಷ್ಟು ಮರಿ ಬಂತು ಅಂತ ಗೊತ್ತಾದರೆ, ಮೂರು ನಾಲ್ಕು ವರ್ಷದ ನಂತರ ಎಷ್ಟು ಲಾಬ್‌ಸ್ಟರ್ ಸಿಗುತ್ತದೆ ಅಂತ ಈಗಲೇ ಹೇಳಬಹುದು. ಮೀನುಗಾರಿಕೆಯಲ್ಲಿ ಇಷ್ಟು ಮುಂಚೆ ಸುಳಿವು ಸಿಗುವುದು ತುಂಬಾ ಅಪರೂಪ.

2008–09ರಲ್ಲಿ ಆ ಚೌಕಟ್ಟುಗಳು ಹೆಚ್ಚುಕಡಿಮೆ ಖಾಲಿ ಬಂದವು. ನಲವತ್ತು ವರ್ಷದಲ್ಲೇ ಅತಿ ಕಡಿಮೆ. ಎಲ್ಲರೂ ಹೆದರಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಲಾ ನಿನಾ, ಅಂದರೆ ಪೆಸಿಫಿಕ್ ಸಾಗರದ ನಡುಭಾಗ ತಣ್ಣಗಾಗುವ ವರ್ಷಗಳಲ್ಲಿ, ಆ ತೀರದುದ್ದಕ್ಕೂ ಹರಿಯುವ ಲೀವಿನ್ ಅನ್ನುವ ಬೆಚ್ಚನೆಯ ಕಡಲ ಪ್ರವಾಹ ಜೋರಾಗುತ್ತದೆ, ಸಾಮಾನ್ಯವಾಗಿ ಮರಿಗಳು ಜಾಸ್ತಿ ಬರುತ್ತವೆ. ಆ ವರ್ಷ ಪ್ರವಾಹ ಜೋರಾಗಿಯೇ ಇತ್ತು. ಮರಿಗಳು ಮಾತ್ರ ಬರಲಿಲ್ಲ.

ಆ ಹೊತ್ತಿಗೆ ಬೋಟುಗಳಿಗೆ ಲಾಬ್‌ಸ್ಟರ್ ಸಿಗುತ್ತಲೇ ಇತ್ತು ಅನ್ನುವುದನ್ನು ಮರೆಯಬೇಡಿ. ಕೊರತೆ ಇನ್ನೂ ಬಂದಿರಲಿಲ್ಲ, ಬರುವುದಿತ್ತು. ಆದರೂ ಹಿಡಿಯುವುದನ್ನು ಆಗಲೇ ಕಡಿಮೆ ಮಾಡಿಸಿದರು. ಮೊದಲೆಲ್ಲ ವರ್ಷಕ್ಕೆ ಸರಾಸರಿ 11,000 ಟನ್ ಹಿಡಿಯುತ್ತಿದ್ದ ಕಡೆ 5,500 ಟನ್ನಿನ ಮಿತಿ ಬಂತು. ಅರ್ಧಕ್ಕೆ ಅರ್ಧ! 2010–11ರಿಂದ ಕೋಟಾ ಪದ್ಧತಿ, ಅಂದರೆ ಯಾರು ಎಷ್ಟು ಹಿಡಿಯಬಹುದು ಅಂತ ಪಾಲು ಗೊತ್ತುಮಾಡುವುದು, ಜಾರಿಯಾಯಿತು. ಬೋಟಿನವರಿಗೆ ಇದು ಸುಲಭದ ಮಾತಾಗಿರಲಿಲ್ಲ. ಆದರೆ ಮೊದಲೇ ಹಿಡಿಯುವುದನ್ನು ಕಡಿಮೆ ಮಾಡಿದ್ದರಿಂದ, ಮರಿ ಬಾರದ ವರ್ಷಗಳ ಪೆಟ್ಟು ಬಿದ್ದಾಗ ಕಡಲಿನಲ್ಲಿ ದೊಡ್ಡ ಲಾಬ್‌ಸ್ಟರ್ ಉಳಿದಿದ್ದವು. ಮೀನುಗಾರಿಕೆ ಕುಸಿಯಲಿಲ್ಲ.

ಮರಿ ಯಾಕೆ ಬರಲಿಲ್ಲ ಅಂತ ಹುಡುಕುವ ಕೆಲಸಕ್ಕೆ ದುಡ್ಡು ಕೊಟ್ಟಿದ್ದು ಎಫ್‌ಆರ್‌ಡಿಸಿ. ತಾಯಿ ಲಾಬ್‌ಸ್ಟರ್ ಕಡಿಮೆಯಾಗಿವೆಯಾ ಅನ್ನುವುದೇ ಮೊದಲ ಭಯ. ಸಂಶೋಧನೆ ಬೇರೆ ಕಡೆ ಬೆರಳು ತೋರಿಸಿತು. ನೀರು ಬೆಚ್ಚಗಾಗಿ ಮೊಟ್ಟೆಯಿಡುವ ಕಾಲ ಮುಂಚೆಯೇ ಶುರುವಾಗುತ್ತಿತ್ತು. ಮರಿಗಳು ತೀರಕ್ಕೆ ಬರಲು ನೆರವಾಗುವ ಚಳಿಗಾಲದ ಬಿರುಗಾಳಿಗೂ ಅದಕ್ಕೂ ಹೊಂದಾಣಿಕೆ ತಪ್ಪುತ್ತಿತ್ತು.

ಇಲ್ಲೊಂದು ಮಾತು ಒತ್ತಿ ಹೇಳಬೇಕು. "ಯಾಕೆ" ಅಂತ ಹುಡುಕಿದ್ದು ಒಂದು ಪ್ರಾಜೆಕ್ಟ್. ಪ್ರಾಜೆಕ್ಟ್ ಅಂದರೆ ಸಾಮಾನ್ಯವಾಗಿ ಎರಡು ಮೂರು ವರ್ಷ, ಒಂದು ವರದಿ, ಮುಗೀತು. ಆದರೆ ಮರಿ ಎಣಿಸಿದ್ದು ಪ್ರಾಜೆಕ್ಟ್ ಅಲ್ಲ. ಅದು ರಾಜ್ಯದ ಮೀನುಗಾರಿಕೆ ಇಲಾಖೆ ಬಿಡದೆ ಮಾಡಿಕೊಂಡು ಬಂದ ನಿತ್ಯದ ಕೆಲಸ. ಬೋಟಿನವರು ಕಟ್ಟುವ ಶುಲ್ಕವೂ ಅದರ ಹಿಂದೆ ಇದೆ. 1968ರಿಂದ ಎಣಿಸದೇ ಇದ್ದಿದ್ದರೆ 2008ರ ಸಂಖ್ಯೆ ಕಡಿಮೆಯೋ ಜಾಸ್ತಿಯೋ ಅಂತ ಹೇಳುವವರೇ ಇರುತ್ತಿರಲಿಲ್ಲ. ಹೊಸ ಪ್ರಾಜೆಕ್ಟಿಗೆ ದುಡ್ಡು ಹೊಂದಿಸುವುದಕ್ಕಿಂತ, ಯಾವ ಸುದ್ದಿಯೂ ಆಗದ ಇಂಥ ಎಣಿಕೆಯನ್ನು ದಶಕಗಟ್ಟಲೆ ನಿಲ್ಲಿಸದೆ ನಡೆಸುವುದೇ ಕಷ್ಟ. ದುಡ್ಡಿನ ವ್ಯವಸ್ಥೆ ಸರಿಯಿದೆಯಾ ಅಂತ ನೋಡಲು ನಾನು ಮೊದಲು ಕೇಳುವ ಪ್ರಶ್ನೆ ಇದೇ: ಎಣಿಕೆ ಎಷ್ಟು ವರ್ಷ ನಡೀತು?

[ದೃಶ್ಯ: ಮಂಗಳೂರು ದಕ್ಕೆ, ಬೆಳಗಿನ ಹೊತ್ತು. ಬುಟ್ಟಿಗಳಲ್ಲಿ ಬಂಗುಡೆ.]

ನಮ್ಮಲ್ಲಿ? ನಮ್ಮಲ್ಲೂ ಎಣಿಕೆ ಇದೆ, ಹೆಮ್ಮೆಪಡುವಂಥದ್ದು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ಶುರುವಾಗಿದ್ದು 1947ರಲ್ಲಿ. ಮುಖ್ಯ ಕಚೇರಿ ಕೊಚ್ಚಿಯಲ್ಲಿ, ಮಂಗಳೂರಿನಲ್ಲೂ ಕೇಂದ್ರ ಇದೆ. ಬಂದ ಮೀನನ್ನೆಲ್ಲ ತೂಗಲು ಆಗುವುದಿಲ್ಲ. ಹಾಗಾಗಿ ಆರಿಸಿದ ಬಂದರುಗಳಿಗೆ, ಆರಿಸಿದ ದಿನಗಳಲ್ಲಿ ಹೋಗಿ, ಕೆಲವು ಬೋಟುಗಳ ಮೀನು ನೋಡಿ, ಒಟ್ಟು ಲೆಕ್ಕ ಹಾಕುತ್ತಾರೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ ಮೀನು 2021ರಲ್ಲಿ 3,297 ಟನ್ನಿಗೆ ಇಳಿಯಿತು ಅಂತ ನಮಗೆ ಗೊತ್ತಾಗಿದ್ದು ಈ ಲೆಕ್ಕದಿಂದಲೇ.

ಈ ಕೆಲಸಕ್ಕೆ ದುಡ್ಡು ಹೆಚ್ಚಾಗಿ ಕೇಂದ್ರದ ಬಜೆಟ್‌ನಿಂದ ಬರುತ್ತದೆ. ಹಾಗಾದರೆ ಆಸ್ಟ್ರೇಲಿಯಾದಂತೆ ನಮ್ಮ ಮೀನುಗಾರರ ಮೇಲೂ ವಂತಿಗೆ ಹಾಕೋಣವಾ? ನಾನು ಬೇಡ ಅಂತಲೇ ಹೇಳುತ್ತೇನೆ. ನಾಡದೋಣಿಯವರಿಗೆ ಡೀಸೆಲ್, ಸೀಮೆಎಣ್ಣೆ ಖರ್ಚೇ ಭಾರ. ಇನ್ನೊಂದು, ಬೆಲೆಯ ಮೇಲೆ ವಂತಿಗೆ ಅಂದರೆ ದುಬಾರಿ ಮೀನಿಗೆ ಜಾಸ್ತಿ ಸಂಶೋಧನೆ, ಅಗ್ಗದ್ದಕ್ಕೆ ಕಡಿಮೆ. ಅಘನಾಶಿನಿ ಅಳಿವೆಯಲ್ಲಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕಿ ಬದುಕುವ ಹೆಂಗಸರ ಪ್ರಶ್ನೆಗೆ ಆಗ ಸರದಿಯೇ ಬರುವುದಿಲ್ಲ. ಅವರ ಪಾಲನ್ನು ಸರ್ಕಾರವೇ ಹಾಕಬೇಕು. ನಾವು ತರಬೇಕಾದ್ದು ಆ ಸಮಿತಿಯ ಕುರ್ಚಿ: ಯಾವ ಪ್ರಶ್ನೆಗೆ ದುಡ್ಡು ಅಂತ ತೀರ್ಮಾನ ಆಗುವ ಜಾಗದಲ್ಲಿ ಬೋಟು ನಡೆಸುವ ತಂಡೇಲರೂ ಮೀನು ಮಾರುವ ಅಕ್ಕನೂ ಕೂರಬೇಕು.

ನಿಮ್ಮ ಮನೆಯಲ್ಲಿ ಯಾರಾದರೂ ಕಡಲಿಗೆ ಹೋಗುತ್ತಾರಾ, ಮೀನು ಮಾರುತ್ತಾರಾ? ಹಾಗಿದ್ದರೆ ಅವರನ್ನೇ ಕೇಳಿ: ವಿಜ್ಞಾನಿಗಳು ಒಂದು ವಿಷಯ ಹುಡುಕಿಕೊಡುವುದಾದರೆ ಯಾವುದು ಬೇಕು? ಅವರು ಹೇಳಿದ್ದನ್ನು ಅವರ ಮಾತಲ್ಲೇ, ಊರಿನ ಹೆಸರಿನ ಜೊತೆ, ಕೆಳಗೆ ಬರೆಯಿರಿ. ಮುಂದಿನ ವಿಡಿಯೋಗೆ ಅಲ್ಲಿಂದಲೇ ಪ್ರಶ್ನೆ ಆರಿಸಿಕೊಳ್ಳುತ್ತೇವೆ.